ಕಾಲ್ಚೆಂಡಾಟದ ಮಾಸ್ತರರು

ಪಾಠ ಹೇಳುವುದಕ್ಕೆ ಕರಿಹಲಗೆಯೇ ಬೇಕೆಂದಿಲ್ಲ, ಬಯಲೂ ಸಾಕು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ಇದನ್ನು ಮಾಡಿ ತೋರಿಸಿದರು. ಕಕ್ಕೇರಾ, ಸುರಪುರ, ಶಹಾಪುರದವರಾದ ನಮಗೆ ಅವರು ಹೊರಗಿನವರಲ್ಲ. 1956ರವರೆಗೆ ಈ ಸೀಮೆಯೂ ಹೈದರಾಬಾದು ರಾಜ್ಯದಲ್ಲಿಯೇ ಇತ್ತು. ಹೆಚ್ಚಿನ ವಿದ್ಯೆಯನ್ನು ಬಯಸಿದ ನಮ್ಮ ಹಿರಿಯರಲ್ಲಿ ಹಲವರು ಆ ನಗರದ ಹಾದಿಯನ್ನೇ ಹಿಡಿದಿದ್ದರು.

1909ರಲ್ಲಿ ಜನಿಸಿದ ರಹೀಮರು ವೃತ್ತಿಯಿಂದ ಶಾಲೆಯ ಮಾಸ್ತರರು. ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು. ಕಾಚಿಗುಡ, ಚಾದರ್‌ಘಾಟ್ ಶಾಲೆಗಳಲ್ಲಿ ಕಲಿಸಿದವರು. ಅವರ ತರಬೇತಿಯೂ ಶಾಲೆಯ ಕ್ರಮದಂತೆಯೇ ಇತ್ತು. ಚೆಂಡನ್ನು ತನ್ನ ಕಾಲಲ್ಲೇ ಇಟ್ಟುಕೊಂಡು ಓಡುವ ಹುಡುಗನಿಗೆ, ಹಾಗೆ ಓಡಲಾಗದ ನಿಯಮದ ಪಂದ್ಯ. ಬಲಗಾಲನ್ನೇ ನಂಬಿದವನಿಗೆ ಎಡಗಾಲಿನ ಪಂದ್ಯ. ಕೊರತೆ ಎಲ್ಲಿದೆಯೋ ಅಲ್ಲಿಯೇ ಪಾಠ! ಅವರು ಪಳಗಿಸಿದ ಹೈದರಾಬಾದು ನಗರ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಸಲ ರೋವರ್ಸ್ ಕಪ್ ಗೆದ್ದಿತು.

1951ರಲ್ಲಿ, ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ, ಅವರ ಭಾರತ ತಂಡವು ಇರಾನನ್ನು ಸೋಲಿಸಿ ಚಿನ್ನ ಪಡೆಯಿತು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ 10-1ರಿಂದ ಸೋಲಿಸಿತು. ನಮ್ಮ ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಅಂದು ನಮ್ಮವರಲ್ಲಿ ಅನೇಕರು ಬರಿಗಾಲಲ್ಲಿ ಆಡಿದ್ದರು. ಆ ಸೋಲಿನ ಮೇಲೆ ಬೂಟು ಕಡ್ಡಾಯವಾಯಿತು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ವಿಭಜನೆಗೊಂಡು ನಾವು ಕನ್ನಡ ನಾಡಿಗೆ ಬಂದೆವು. ಸರಿಯಾಗಿ ತಿಂಗಳ ಮೇಲೆ, ಡಿಸೆಂಬರ್ 1ರಂದು, ಮೆಲ್ಬರ್ನಿನಲ್ಲಿ ಭಾರತವು ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿತು. ಮೂರು ಗೋಲು ನೆವಿಲ್ ಡಿಸೋಜರದೇ. ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ! ಅದಕ್ಕಿಂತ ಮೇಲಿನದನ್ನು ಭಾರತ ಮತ್ತೆ ಕಂಡಿಲ್ಲ.

ಕೊನೆಯ ಪರೀಕ್ಷೆ ಜಕಾರ್ತದಲ್ಲಿ, 1962ರ ಸೆಪ್ಟೆಂಬರ್ 4ರಂದು. ಇಸ್ರೇಲ್ ಮತ್ತು ತೈವಾನುಗಳನ್ನು ಕೂಟದಿಂದ ಹೊರಗಿಟ್ಟುದನ್ನು ಭಾರತದ ಅಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ನೆರೆದ ಜನ ನಮ್ಮವರ ಮೇಲೆ ಕೆರಳಿದ್ದರು. ಎದುರಿಗೆ ದಕ್ಷಿಣ ಕೊರಿಯ. ರಹೀಮರ ದೇಹವನ್ನು ಅರ್ಬುದರೋಗ ಹಿಡಿದಿತ್ತು. ತಲೆಗೆ ಪೆಟ್ಟಾಗಿದ್ದ ರಕ್ಷಕ ಜರ್ನೈಲ್ ಸಿಂಗರನ್ನು ಅವರು ಮುಂದಿನ ಸಾಲಿಗೆ ಕಳಿಸಿದರು. ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು. ಭಾರತ 2-1ರಿಂದ ಗೆದ್ದಿತು.

1963ರ ಜೂನ್ 11ರಂದು ರಹೀಮರು ತೀರಿಕೊಂಡರು. ಏಷ್ಯನ್ ಕೂಟದ ಕಾಲ್ಚೆಂಡಾಟದಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಬಂದಿಲ್ಲ. ಗೋಲು ಹೊಡೆದವರ ಹೆಸರು ಜನರ ಬಾಯಲ್ಲಿ ಉಳಿಯಿತು. ಕಲಿಸಿದವರ ಹೆಸರು ಬಹುಮಂದಿಗೆ ತಿಳಿದದ್ದು 2024ರಲ್ಲಿ, ‘ಮೈದಾನ್’ ಎಂಬ ಹಿಂದಿ ಚಿತ್ರ ತೆರೆಕಂಡಾಗ. ಮಾಸ್ತರರ ಬಾಳೇ ಹೀಗೆ: ಉತ್ತೀರ್ಣರಾಗುವವರು ಶಿಷ್ಯರು. ಆದರೆ ಮಾಸ್ತರರು ಹೋದ ಮೇಲೆ ಶಾಲೆಯನ್ನು ಯಾರು ನಡೆಸಬೇಕೆಂಬುದನ್ನು ನಾಡು ಯೋಚಿಸಬೇಕಾಗಿತ್ತು.