ವ್ರಣಬಂಧನವೂ ಸಸ್ಯಪ್ರೋಟೀನುಗಳೂ

ಗಾಯವನ್ನು ಒಣಗಿಸುವುದೇ ಚಿಕಿತ್ಸೆಯೆಂಬ ನಂಬಿಕೆ ವೈದ್ಯಲೋಕದಲ್ಲಿ ಬಹುಕಾಲ ಬೇರೂರಿದ್ದಿತು. 1962ರಲ್ಲಿ ಜಾರ್ಜ್ ವಿಂಟರ್ ಅವರು, ಪಾಲಿಥೀನ್ ಪೊರೆಯ ಕೆಳಗೆ ತೇವವಾಗಿದ್ದ ಗಾಯವು ತೆರೆದಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹೊಸ ಚರ್ಮದಿಂದ ಮುಚ್ಚಿಕೊಳ್ಳುವುದೆಂದು ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಅಲ್ಲಿಂದೀಚೆಗೆ ಗಾಯದ ಪಟ್ಟಿಯ ಕರ್ತವ್ಯವೇ ಬದಲಾಯಿತು: ಅದು ತೇವವನ್ನು ಕಾಯಬೇಕು, ಹೆಚ್ಚಿನ ಸ್ರಾವವನ್ನು ಹೀರಬೇಕು, ಗಾಳಿಗೂ ಎಡೆಗೊಡಬೇಕು.

ಈ ಗುಣಗಳನ್ನರಸಿದ ಸಂಶೋಧಕರ ದೃಷ್ಟಿ ಸಸ್ಯಪ್ರೋಟೀನುಗಳ ಕಡೆಗೂ ಹರಿಯಿತು. 1821ರಲ್ಲಿ ಜಾನ್ ಗೋರಮ್ ಅವರು ಮುಸುಕಿನ ಜೋಳದಿಂದ ಬೇರ್ಪಡಿಸಿದ ಜೀಯಿನ್ ನೀರಿನಲ್ಲಿ ಕರಗದು. ನೀರು ಬೆರೆತ ಆಲ್ಕೊಹಾಲಿನಲ್ಲಿ ಕರಗಿ, ಆರಿದ ಮೇಲೆ ಪೊರೆಗಟ್ಟುವುದು. ಜೀವಕೋಶಗಳು ಅದರ ಮೇಲೆ ನೆಲೆಗೊಳ್ಳಬಲ್ಲವು. ಆದರೆ ಒಣ ಪೊರೆ ಸುಲಭವಾಗಿ ಬಿರಿಯುವುದು. ಪಾಲಿಕ್ಯಾಪ್ರೊಲ್ಯಾಕ್ಟೋನಿನಂಥ ಬಾಗುವ ಪಾಲಿಮರನ್ನು ಬೆರೆಸಿ ಸೂಕ್ಷ್ಮ ಎಳೆಗಳನ್ನು ತೆಗೆದುದು ಈ ಕೊರತೆಯನ್ನು ನೀಗಲೆಂದೇ. ಹೀಗೆ 1821ರ ವಸ್ತುವು 1962ರ ತತ್ತ್ವದ ಬಲದಿಂದ ವ್ರಣಚಿಕಿತ್ಸೆಯ ಸಂಶೋಧನೆಯಲ್ಲಿ ಸ್ಥಾನ ಪಡೆಯಿತೆಂದು ನಾವು ಭಾವಿಸುತ್ತೇವೆ.