ತುಂಗಭದ್ರೆಯ ಬಲದಂಡೆ: ಬಳಸಿ ಬಿಟ್ಟ ನೀರಿನ ಚರಿತ್ರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ಪರಿಸರದ ಜಲಚರಿತ್ರೆಯೆಂದರೆ ಬಹುಮಟ್ಟಿಗೆ ಕೆರೆಗಳ ಚರಿತ್ರೆಯೆಂದೇ ಭಾವಿಸಲಾಗಿದೆ. ಇದಕ್ಕೆ ಆಧಾರವೂ ಉಂಟು. ಕೆರೆ ಕಟ್ಟಿಸಿದವರಿಗೆ ಕಟ್ಟುಗೊಡಗೆ, ದಸವಂದಗಳು ದೊರೆತುದನ್ನೂ ಧರ್ಮವನ್ನು ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂಬ ಶಾಪವನ್ನೂ ಕನ್ನಡ ಶಾಸನಗಳು ವಿವರವಾಗಿ ಹೇಳುತ್ತವೆ. ಆದರೆ ಬಳಸಿ ಬಿಟ್ಟ ನೀರು ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ನಮ್ಮ ಇತಿಹಾಸಕಾರರು ಕೇಳಿದ್ದು ವಿರಳ. ಬಚ್ಚಲ ನೀರು ಹಿತ್ತಿಲ ಬಾಳೆಗೋ ತಿಪ್ಪೆಗುಂಡಿಗೋ ಇಂಗಿಹೋಗುತ್ತಿದ್ದ ಕಾಲದಲ್ಲಿ ಅದು ದಾಖಲಾಗಬೇಕಾದ ಸಂಗತಿಯೂ ಆಗಿರಲಿಲ್ಲ.

ಈ ಐದರಲ್ಲಿ ಹರಪನಹಳ್ಳಿ ಮತ್ತು ಹಡಗಲಿ ತಾಲ್ಲೂಕುಗಳಿಗೆ ತುಂಗಭದ್ರೆಯೇ ಗಡಿ. 1953ರಲ್ಲಿ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ಹಗರಿಬೊಮ್ಮನಹಳ್ಳಿಯ ಅನೇಕ ಗ್ರಾಮಗಳೂ ಹಿನ್ನೀರಿನ ದಂಡೆಯವಾದವು. ನಮ್ಮ ಒಣನಾಡಿಗೆ ಕರಾವಳಿಯೆಂಬುದೊಂದಿದ್ದರೆ ಅದು ಇದೇ! ಕಲ್ಯಾಣದ ಚಾಲುಕ್ಯ ದೊರೆ ಆಹವಮಲ್ಲ ಸೋಮೇಶ್ವರನು 1068ರಲ್ಲಿ ಜಲಸಮಾಧಿ ಹೊಂದಿದ ಕುರುವತ್ತಿಯೂ ಕಾರಣಿಕೋತ್ಸವಕ್ಕೆ ಪ್ರಸಿದ್ಧವಾದ ಮೈಲಾರವೂ ಇರುವುದು ಹಡಗಲಿಯ ದಂಡೆಯಲ್ಲಿಯೇ.

ಈ ನದಿಗೆ ಮೇಲ್ಭಾಗದ ಪಟ್ಟಣಗಳ ಚರಂಡಿ ನೀರಿನೊಡನೆ ಕೈಗಾರಿಕೆಯ ತ್ಯಾಜ್ಯವೂ ಸೇರತೊಡಗಿತು. ಹರಿಹರಕ್ಕೆ ಎದುರಾಗಿ ಎಡದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ರೇಯಾನ್ ತಯಾರಿಕೆಗೆ ಬೇಕಾದ ಮರದ ತಿರುಳನ್ನು ಉತ್ಪಾದಿಸತೊಡಗಿತು. ನೀಲಗಿರಿ ಮರವನ್ನು ರಾಸಾಯನಿಕಗಳೊಡನೆ ಬೇಯಿಸಿದಾಗ ಮರದ ಲಿಗ್ನಿನ್ ಕರಗಿ ಕಪ್ಪು ದ್ರಾವಣವಾಗುತ್ತದೆ. ಅದರ ಬಹುಪಾಲನ್ನು ಮರಳಿ ಪಡೆಯಬಹುದಾದರೂ ಉಳಿದ ಅಂಶವು ತೊಳೆದ ನೀರಿನೊಡನೆ ಹೊರಬೀಳುತ್ತದೆ. ಸಂಸ್ಕರಣೆಯ ಕ್ರಮವು ಮೂಲತಃ ಸರಳವಾದುದು: ಗಸಿಯನ್ನು ತಳಕ್ಕಿಳಿಸುವುದು, ಗಾಳಿಯೂಡಿ ಸೂಕ್ಷ್ಮಜೀವಿಗಳಿಂದ ಸಾವಯವ ಕಲ್ಮಷವನ್ನು ಅರಗಿಸುವುದು, ಮತ್ತೆ ತಿಳಿಯಾಗಿಸಿ ಬಿಡುವುದು. ಆದರೆ ಲಿಗ್ನಿನ್ ಈ ಜೀವಿಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ಕಂದುಬಣ್ಣ ಉಳಿದೇ ಉಳಿಯುತ್ತದೆ. ಅರಗದ ಕಲ್ಮಷವು ನದಿಯಲ್ಲಿ ಕರಗಿದ ಆಮ್ಲಜನಕವನ್ನು ಹೀರಿದಾಗ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಮೈಲಾರದ ಜಾತ್ರೆ ನಡೆಯುವ ಭರತ ಹುಣ್ಣಿಮೆಯ ಹೊತ್ತಿಗೆ ಹೊಳೆ ಬತ್ತತೊಡಗಿ ತ್ಯಾಜ್ಯದ ಸಾಂದ್ರತೆ ಏರುವುದೆಂಬುದು ಗಮನಾರ್ಹ.

ಜಲಮಾಲಿನ್ಯ ನಿಯಂತ್ರಣ ಕಾಯ್ದೆಯೂ ರಾಜ್ಯದ ಮಂಡಳಿಯೂ 1974ರಲ್ಲಿಯೇ ಅಸ್ತಿತ್ವಕ್ಕೆ ಬಂದಿದ್ದವು. ಆದರೂ ಮೀನುಗಳ ಸಾವು, ಚರ್ಮದ ತುರಿಕೆ, ದನಕರುಗಳ ಕಾಯಿಲೆಗಳ ದೂರುಗಳು 1980ರ ದಶಕದಲ್ಲಿ ಜನಾಂದೋಲನವಾಗಿ ಬೆಳೆಯಬೇಕಾಯಿತು. ರಾಣೆಬೆನ್ನೂರು ಭಾಗದಲ್ಲಿ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಇದರ ಮುಂದಾಳತ್ವ ವಹಿಸಿತು. ಇದೇ ಉದ್ಯಮಕ್ಕೆ ಮರ ಒದಗಿಸಲು ಗೋಮಾಳಗಳನ್ನು ನೀಲಗಿರಿ ತೋಪುಗಳಾಗಿ ಮಾರ್ಪಡಿಸುವುದರ ವಿರುದ್ಧ 1987ರ ನವೆಂಬರ್ 14ರಂದು ಕುಸನೂರು ಸತ್ಯಾಗ್ರಹ ನಡೆಯಿತು.

ಈ ಹೋರಾಟದ ಬರವಣಿಗೆ ಬಹುಪಾಲು ಎಡದಂಡೆಯದು. ಕಾರಣವನ್ನು ಆಡಳಿತದ ಗಡಿಗಳಲ್ಲಿ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ. ಕಾರ್ಖಾನೆ ಆಗ ಧಾರವಾಡ ಜಿಲ್ಲೆಯಲ್ಲಿತ್ತು, ಅದು ಹೆಸರು ಪಡೆದ ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿ, ಕೆಳಗಿನ ಬಲದಂಡೆ ಬಳ್ಳಾರಿಯಲ್ಲಿ. 1997ರಲ್ಲಿ ಹಾವೇರಿ, ಗದಗ, ದಾವಣಗೆರೆ ಜಿಲ್ಲೆಗಳಾದಾಗ ಹರಪನಹಳ್ಳಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕಡತಗಳು ಊರಿಂದೂರಿಗೆ ಅಲೆದವು; ಹೊಳೆ ಮಾತ್ರ ಒಂದೇ. ಬಲದಂಡೆಯ ಬೆಸ್ತರ, ಅಗಸರ, ದನಗಾಹಿಗಳ ನೆನಪುಗಳನ್ನು ಸಂಗ್ರಹಿಸದೆ ಈ ಚರಿತ್ರೆ ಪೂರ್ಣವಾಗದು. ಆ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ಕಲುಷಿತ ನದೀಭಾಗಗಳನ್ನು ಗುರುತಿಸಿತು. ಕರ್ನಾಟಕದ 17ರಲ್ಲಿ ಹರಿಹರದಿಂದ ಕೆಳಗಿನ ತುಂಗಭದ್ರೆಯೂ ಒಂದು. ಇದು ಈಗ ದಂಡೆಯ ಊರುಗಳ ಸಮಸ್ಯೆಯಷ್ಟೇ ಅಲ್ಲ. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಕಾರಣ ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡಗಳಿಗೆ ಕುಡಿಯುವ ನೀರನ್ನು ಕೊಳವೆಗಳಲ್ಲಿ ಒಯ್ಯಲು ರೂಪಿಸಿದ ಯೋಜನೆಗೂ ಮೂಲ ಇದೇ ತುಂಗಭದ್ರೆಯ ಹಿನ್ನೀರು.