ಸ್ಟೇರಿಂಗ್ ತಾನಾಗಿ ನೇರವಾಗದಿರುವುದು

ತಿರುವು ದಾಟಿ ಕೈ ಸಡಿಲಿಸಿದರೂ ಕಾರಿನ ಸ್ಟೇರಿಂಗ್ ನೇರಕ್ಕೆ ಮರಳದಿರುವ ಮತ್ತು ರಸ್ತೆಯ ಹಿಡಿತ ಕೈಗೆ ತಿಳಿಯದಿರುವ ದೋಷ. ತೀರ್ಥಹಳ್ಳಿಯಿಂದ ಉಡುಪಿಗೆ ಇಳಿಯುವ ಆಗುಂಬೆ ಘಾಟಿ, ಹೊಸನಗರ ತಾಲ್ಲೂಕಿನಿಂದ ಕುಂದಾಪುರ ಕಡೆಗೆ ಇಳಿಯುವ ಹುಲಿಕಲ್ ಘಾಟಿಗಳಲ್ಲಿ ಇದು ಬೇಗ ಬಯಲಾಗುತ್ತದೆ; ಒಂದು ಹಿಮ್ಮುರಿ ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಬರುವ ಆ ದಾರಿಯಲ್ಲಿ ಇದು ನಿಜಕ್ಕೂ ಅಪಾಯಕಾರಿ.

ಮುಂಚಕ್ರ ಹೊರಳುವ ಅಕ್ಷ ತುಸು ಹಿಂದಕ್ಕೆ ವಾಲಿರುತ್ತದೆ. ಮುಖ್ಯವಾಗಿ ಕ್ಯಾಸ್ಟರ್ ಎನ್ನುವ ಈ ಕೋನದಿಂದ ಓಡುವ ಚಕ್ರ ತಾನಾಗಿ ನೇರವಾಗುತ್ತದೆ. ಕೋನ ಕಡಿಮೆಯಾದರೆ ಅಥವಾ ಜೋಡಣೆಗಳಲ್ಲಿ ಘರ್ಷಣೆ ಹೆಚ್ಚಿದರೆ ಚಕ್ರವನ್ನು ನೇರಕ್ಕೆ ತರುವ ಬಲ ಸಾಲದು.

ಮೊದಲು ಟೈರಿನ ಗಾಳಿ ನೋಡಬೇಕು. ಬಳಿಕ ಮುಂಭಾಗವನ್ನು ಎತ್ತಿ, ಗಟ್ಟಿ ಸ್ಟ್ಯಾಂಡ್ ಕೊಟ್ಟು, ಸ್ಟೇರಿಂಗನ್ನು ಮೆಲ್ಲಗೆ ಈ ತುದಿಯಿಂದ ಆ ತುದಿಗೆ ತಿರುಗಿಸಬೇಕು. ಒಂದೇ ಸುತ್ತಿನಲ್ಲಿ ಎರಡು ಕಡೆ ಬಿಗಿಯಾದರೆ ಕಾಲಮ್ಮಿನ ಕೆಳಗಿನ ಯೂನಿವರ್ಸಲ್ ಜಾಯಿಂಟ್ ತುಕ್ಕು ಹಿಡಿದಿರುವ ಸಂಭವ ಹೆಚ್ಚು. ಸ್ಪ್ರಿಂಗ್ 'ಟಣ್' ಎಂದು ಸಿಡಿದು ಹೊರಳಿದರೆ ಸ್ಟ್ರಟ್ ಮೇಲಿನ ಬೇರಿಂಗನ್ನು ಶಂಕಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಹರಿದ ರಬ್ಬರ್ ಬೂಟಿನೊಳಗೆ ಕೆಸರುನೀರು ಹೊಕ್ಕು ಗ್ರೀಸ್ ತೊಳೆದುಹೋಗುತ್ತದೆ, ಬಾಲ್ ಜಾಯಿಂಟ್ ಬಿಗಿಯುತ್ತದೆ. ಸ್ಟೇರಿಂಗ್ ರ‍್ಯಾಕ್‌ನ ಬಡಿತ ನಿಲ್ಲಿಸಲು ಹೊಂದಿಕೆ ಸ್ಕ್ರೂವನ್ನು ಅತಿಯಾಗಿ ಬಿಗಿದರೂ ಇದೇ ಗತಿ.

ಇವನ್ನೆಲ್ಲ ಬಿಟ್ಟು ನೇರವಾಗಿ ವೀಲ್ ಅಲೈನ್‌ಮೆಂಟಿಗೆ ಓಡುವುದು ಹಣ ದಂಡ. ಬಹುತೇಕ ಸಣ್ಣ ಕಾರುಗಳಲ್ಲಿ ಅಲ್ಲಿ ತಿದ್ದುವುದು ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ, ಮಾತ್ರ. ಕ್ಯಾಸ್ಟರ್ ಕೆಟ್ಟಿದ್ದರೆ ಬಾಗಿದ ಸಸ್ಪೆನ್ಷನ್ ಆರ್ಮ್ ಅಥವಾ ಸವೆದ ಬುಶ್ ಬದಲಿಸಲೇಬೇಕು.